ನಿಲ್ಲಿಸುವುದನ್ನು ಕಲಿಸಿದ ದೊಡ್ಡ ನರ್ಸಮ್ಮ

ಇರಿ, ಪುಟ ತಿರುಗಿಸಬೇಡಿ. ಸೈಕಲ್ ಕಲಿಸುವುದರಲ್ಲಿ ಬರೆಯುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಒಂದು ಕಾಲಕ್ಕೆ ಹಾಗೇ ಅನ್ನಿಸಿತ್ತು. ಒಂದೆರಡು ನಿಮಿಷ ಕಾದರೆ ನಿಮಗೊಬ್ಬ ಹೆಂಗಸನ್ನು ತೋರಿಸುತ್ತೇನೆ. ಪೆಡಲ್ಲೇ ಇಲ್ಲದ ಸೈಕಲ್ಲಿನ ಮೇಲೆ ನನ್ನನ್ನು ಕೂರಿಸಿ ಅಜ್ಜಂಪುರದವರೆಲ್ಲ ನಗುವ ಹಾಗೆ ಮಾಡಿದವರು, ಡಾಕ್ಟರ ಮುಂದೆ ನನ್ನ ಮಾನ ಕಳೆದವರು. ಆದರೂ ಅವರ ಕೈಕೆಳಗೆ ಕಲಿತೆ ಎಂದು ಹೇಳಿಕೊಳ್ಳುವಾಗ ನನ್ನ ದನಿ ತಾನಾಗಿಯೇ ಒಂದು ಸುತ್ತು ಏರುತ್ತದೆ.

ಹೆಸರು ಹೇಳುವುದಿಲ್ಲ, ಅವರಿಗೆ ಅದು ಹಿಡಿಸುವುದಿಲ್ಲ. ಕಳೆದ ತಿಂಗಳು ಅವರು ನಿವೃತ್ತರಾದರು. ಹಾರ ತಂದವರಿಗೆ, "ಇದನ್ನ ಯಾವ್ದಾದ್ರೂ ಹಸುಗೆ ಹಾಕ್ರಪ್ಪ, ತಿಂದಾದ್ರೂ ತಿಂತದೆ" ಎಂದರು. ಭಾಷಣ ಮಾಡಿ ಎಂದು ಒತ್ತಾಯಿಸಿದಾಗ ಎದ್ದು ನಿಂತು, "ಎಲ್ರೂ ಬ್ರೇಕ್ ರಬ್ಬರ್ ನೋಡ್ಕಳ್ಳಿ, ಮಳೆಗಾಲ ಬಂತು" ಎಂದು ಕೂತುಬಿಟ್ಟರು. ಅಂಥವರ ಬಗ್ಗೆ ಯಾರಾದರೂ ಎರಡು ಮಾತು ಬರೆಯಬೇಕಲ್ಲ. ಬರೆದು ಅಭ್ಯಾಸವಿಲ್ಲದಿದ್ದರೂ ನಾನೇ ಕೂತಿದ್ದೇನೆ.

ಊರಿನವರ ಬಾಯಲ್ಲಿ ಅವರು ದೊಡ್ಡ ನರ್ಸಮ್ಮ. ನಮ್ಮಂಥ ಹಳ್ಳಿ ನರ್ಸುಗಳ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕಿ. ಕಪ್ಪಗೆ, ಗಿಡ್ಡಗೆ, ಗಟ್ಟಿಮುಟ್ಟಾಗಿದ್ದರು. ಗಂಜಿ ಹಾಕಿದ ಬಿಳಿ ಸೀರೆ, ಸೆರಗಿಗೆ ಎರಡು ಪಿನ್ನು, ಕಾಲಿಗೆ ಹಿಂದೆ ಬೆಲ್ಟಿರುವ ಚಪ್ಪಲಿ. ತರೀಕೆರೆಯಿಂದ ಹಿಡಿದು ಕಡೂರಿನವರೆಗೆ ಅವರು ಕೆಲಸ ಮಾಡದ ಹೋಬಳಿ ಕಡಿಮೆ. ಮನೆಯಲ್ಲಿ ಒಬ್ಬರೇ. ನಡುಮನೆಯ ಗೋಡೆಯಲ್ಲಿ ಬುದ್ಧನದೊಂದು ಪಟ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಸೈಕಲ್ ಪಂಪು. ಪಟಕ್ಕೂ ಪಂಪಿಗೂ ದಿನಾ ಧೂಳು ಹೊಡೆಯುತ್ತಿದ್ದರು.

ಅವರು ಸೈಕಲ್ ಕಲಿತದ್ದು ಎಪ್ಪತ್ತರ ದಶಕದಲ್ಲಿ, ಹಿರೇನಲ್ಲೂರಿನಲ್ಲಿ, ಮೂವತ್ತು ದಾಟಿದ ಮೇಲೆ. ಆ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು.

"ಸೈಕಲ್ ಕೊಟ್ರು ಕಣೇ. ಲೇಡೀಸ್ ಸೈಕಲ್ಲು, ಹೊಸದು, ಪಳಪಳ ಅಂತಿತ್ತು. ಪೆಡ್ಲೇ ಇಲ್ಲ! ಬರೋವಾಗ ಲಾರೀಲಿ ಎಲ್ಲೋ ಬಿದ್ದೋಗಿತ್ತು. ಬರೆದೆ. ಜ್ಞಾಪನ ಬರೆದೆ. ಅದ್ಕೊಂದು ಜ್ಞಾಪನ ಬರೆದೆ. ಎರಡು ತಿಂಗ್ಳಾದ್ರೂ ಪೆಡ್ಲು ಬರ್ಲಿಲ್ಲ. ಸುಮ್ನೆ ನಿಲ್ಲಿಸೋಕೆ ಹೊಟ್ಟೆ ಉರೀತಿತ್ತು. ಸೀಟು ಇಳಿಸ್ಕಂಡು ಕೂತು, ಎರಡೂ ಕಾಲಲ್ಲಿ ನೆಲ ಒದ್ಕಂಡು ಇಳಿಜಾರಲ್ಲೆಲ್ಲ ಹೋಗೋಳು. ಹುಚ್ಚಿ ಅಂದ್ರು. ಪೆಡ್ಲು ಬಂದ ದಿನ ಹಾಕಿಸ್ಕಂಡು ಹತ್ತಿದ್ರೆ, ಅರೆ! ಸೈಕಲ್ ಆಗ್ಲೇ ಬಂದ್ಬಿಟ್ಟಿದೆ!"

ಅಂದಿನಿಂದ ಯಾರಿಗೆ ಕಲಿಸಬೇಕಾದರೂ ಅವರು ಮೊದಲು ಮಾಡುತ್ತಿದ್ದ ಕೆಲಸ ಪೆಡಲ್ ಬಿಚ್ಚುವುದು. ಎಡಗಡೆಯ ಪೆಡಲ್ಲಿನ ತಿರುಪು ಉಲ್ಟಾ ಇರುತ್ತದೆ, ಬಿಚ್ಚಲು ಸ್ಪ್ಯಾನರನ್ನು ಬಿಗಿ ಮಾಡುವ ಕಡೆಗೆ ತಿರುಗಿಸಬೇಕು ಎಂಬುದನ್ನು ನಾನು ಕಲಿತದ್ದು ಯಾವ ಮೆಕ್ಯಾನಿಕ್ಕನಿಂದಲೂ ಅಲ್ಲ, ಅವರಿಂದ.

ಇನ್ನು ನನ್ನ ವಿಷಯ. ನಾನು ಯಗಟಿಯವಳು. ಎಂಬತ್ತರ ದಶಕದ ಆರಂಭದಲ್ಲಿ ನರ್ಸ್ ತರಬೇತಿ ಮುಗಿಸಿ, ತಾತ್ಕಾಲಿಕ ನೇಮಕದ ಆರ್ಡರ್ ಹಿಡಿದುಕೊಂಡು ಅಜ್ಜಂಪುರದಲ್ಲಿ ಬಸ್ಸಿಳಿದೆ. ನಮ್ಮ ಮನೆಯಲ್ಲಿ ಹೊರಗೆ ಹೋಗಿ ಕೆಲಸ ಮಾಡುವ ಹೆಣ್ಣು ನಾನೇ ಮೊದಲು. ಬಸ್ ಹತ್ತಿಸಲು ಬಂದ ಅಣ್ಣ, "ಒಂದ್ ತಿಂಗ್ಳಲ್ಲಿ ವಾಪಸ್ ಬತ್ತೀಯ ಬಿಡು, ನಿನ್ ಚಾಪೆ ಮಡಚಲ್ಲ" ಎಂದು ನಕ್ಕಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಆರ್ಡರ್ ನೋಡಿ, "ನಿನಗೆ ಐದು ಹಳ್ಳಿ. ಬಸ್ಸಿರೋದು ಒಂದಕ್ಕೆ. ಹಿಂದೆ ಇದ್ದವಳು ನಡೆದು ನಡೆದು ಸಾಕಾಗಿ ಬಿಟ್ಟು ಹೋದಳು. ಸೈಕಲ್ ಬರುತ್ತಾ?" ಎಂದು ಕೇಳಿದರು.

"ಬತ್ತದೆ ಸಾರ್! ಯಾರ ಹತ್ರಾನೂ ಕಲೀಲಿಲ್ಲ, ನಾನೇ ಕಲ್ತೆ!" ಎಂದೆ.

"ಒಳ್ಳೆಯದಾಯಿತು. ತಿಂಗಳ ಕೊನೆಯ ಚುಚ್ಚುಮದ್ದಿನ ದಿನ ಐದೂ ಹಳ್ಳಿಗೆ ನೀನೊಬ್ಬಳೇ ಸೈಕಲ್ಲಿನಲ್ಲಿ ಹೋಗಬೇಕು. ಆಗದಿದ್ದರೆ ಬೇರೆಯವರನ್ನು ಕಳಿಸಿ ಎಂದು ಜಿಲ್ಲೆಗೆ ಬರೆಯಬೇಕಾಗುತ್ತೆ. ಬೇಜಾರು ಮಾಡಿಕೊಳ್ಳಬೇಡ, ಹಳ್ಳಿಯವರು ಎಷ್ಟು ದಿನ ಕಾಯುತ್ತಾರೆ?"

ನನಗೆ ಒಳಗೊಳಗೇ ನಗು. ಸೈಕಲ್ಲೇ ಪರೀಕ್ಷೆಯಾದರೆ ನಾನು ಆಗಲೇ ಪಾಸು ಎಂದುಕೊಂಡೆ.

ಮರುದಿನ ಬೆಳಗ್ಗೆ ಆರು ಗಂಟೆಗೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬಯಲಿಗೆ ಬರುವಂತೆ ದೊಡ್ಡ ನರ್ಸಮ್ಮ ಹೇಳಿಕಳಿಸಿದರು. ಹೋದೆ. "ಒಂದ್ ಸುತ್ತು ಹೊಡ್ಕಂಡ್ ಬಾ" ಎಂದು ಆಸ್ಪತ್ರೆಯ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, ನನ್ನ ಕಡೆ ಬೆನ್ನು ಮಾಡಿ ನಿಂತುಬಿಟ್ಟರು. ನೋಡಲೇ ಇಲ್ಲ! ನಾನು ಗಾಳಿಯ ಹಾಗೆ ಒಂದು ಸುತ್ತು ಹೊಡೆದು, ಸೈಕಲ್ ಓಡುತ್ತಿರುವಾಗಲೇ ಎಡಕ್ಕೆ ಟಣ್ಣನೆ ಹಾರಿ, ನಾಲ್ಕು ಹೆಜ್ಜೆ ಜೊತೆಗೆ ಓಡಿ ನಿಲ್ಲಿಸಿದೆ.

"ಒಳಪೆಡ್ಲಲ್ಲಿ ಕಲ್ತಿದ್ದೀಯ," ಎಂದರು, ಬೆನ್ನು ತಿರುಗಿಸದೆಯೇ. "ಅಣ್ಣನ ಸೈಕಲ್ಲಾ?"

"ಹೂಂ ಅಕ್ಕಾ. ನೀವು ನೋಡ್ಲೇ ಇಲ್ವಲ್ಲ!"

"ನೋಡೋದೇನು, ಚೈನೇ ಹೇಳ್ತಾ ಐತೆ. ಪೂರ್ತಿ ಸುತ್ತು ತುಳಿಯೋರ ಚೈನು ಒಂದೇ ಸಮ ಝುಂಯ್ ಅಂತದೆ. ನಿಂದು ಕಟಕಟ, ಕಟಕಟ. ಅರ್ಧ ತುಳೀತೀಯ, ಹಿಂದಕ್ಕೆ ತರ್ತೀಯ, ಮತ್ತೆ ಅರ್ಧ ತುಳೀತೀಯ. ಲೇ ಹುಡ್ಗೀ, ನೀನು ಸೈಕಲ್ ಹೊಡೀತಿಲ್ಲ. ಸೈಕಲ್ಲೇ ನಿನ್ನ ಹೊಡ್ಕಂಡು ಹೋಗ್ತಾ ಐತೆ."

ನಮ್ಮ ಸೀಮೆಯಲ್ಲಿ ದೊಡ್ಡವರ ಸೈಕಲ್ಲಿನಲ್ಲಿ ಕಲಿತ ಎಲ್ಲರ ಕತೆಯೂ ಇದೇ. ಸೀಟು ಎಟುಕುವುದಿಲ್ಲ. ನಡುವಿನ ಬಾರ್ ಕೆಳಗೆ ಬಲಗಾಲು ತೂರಿಸಿ, ಮೈಯನ್ನು ಎಡಕ್ಕೆ ನೇತುಹಾಕಿ, ಅರ್ಧರ್ಧ ಪೆಡಲ್ ತುಳಿಯುವುದು. ಬ್ರೇಕ್ ಹಿಡಿಯಲು ಕೈ ಬಿಡುವಿರುವುದಿಲ್ಲ, ಹಾಗಾಗಿ ನಿಲ್ಲಿಸುವುದೆಂದರೆ ಹಾರಿಕೊಳ್ಳುವುದು. ಬೆಳೆದು ಸೀಟಿನ ಮೇಲೆ ಕೂತ ಮೇಲೂ ಮೈ ಅದನ್ನು ಮರೆಯುವುದಿಲ್ಲ. ದೊಡ್ಡ ನರ್ಸಮ್ಮ ರಸ್ತೆಯಲ್ಲಿ ಹೋಗುವ ಗಂಡಸರನ್ನು ತೋರಿಸಿ, "ನೋಡು ಆ ಮೀಸೆಯವನ್ನ. ಸೊಂಟ ಎಡಕ್ಕೆ ಹೋಗೈತೆ. ಒಳಪೆಡ್ಲು. ಮದ್ವೆಯಾಗಿ ಮೂರು ಮಕ್ಳಾದ್ರೂ ಒಳಪೆಡ್ಲು" ಎನ್ನುತ್ತಿದ್ದರು.

ಅಂದೇ ಸ್ಪ್ಯಾನರ್ ತೆಗೆದು ನನ್ನ ಸೈಕಲ್ಲಿನ ಎರಡೂ ಪೆಡಲ್ ಬಿಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಒಂದು ವಾರ ನಾನು ಬಾತುಕೋಳಿಯ ಹಾಗೆ ನೆಲ ಒದೆಯುತ್ತಾ ಆ ಬಯಲಿನ ಇಳಿಜಾರಿನಲ್ಲಿ ಓಡಾಡಿದೆ. ಬೆಳಗಿನ ರೈಲಿಗೆ ಬಂದವರು ಟೀ ಕುಡಿಯುತ್ತಾ ನಿಂತು ನೋಡುತ್ತಿದ್ದರು. ಒಬ್ಬಾತ ಸೈಕಲ್ಲಿನಲ್ಲೇ ಬಂದು, ಚಪ್ಪಲಿಯನ್ನು ಮುಂದಿನ ಚಕ್ರಕ್ಕೆ ಒತ್ತಿ ನಿಲ್ಲಿಸಿ, "ಏನ್ ದೊಡ್ಡ ನರ್ಸಮ್ಮಾ, ಪೆಡ್ಲು ಮಾರ್ಕಂಡ್ರಾ?" ಎಂದ.

"ಇಲ್ಲ ಕಣಪ್ಪ. ನಿನ್ ಸೈಕಲ್ಗೆ ಬ್ರೇಕಿಲ್ಲ, ಅದೊಂದಕ್ಕೇ ನಾಚ್ಕೆ ಆಗುತ್ತೆ ಅಂತ ಜೊತೆಗೆ ಇದರ ಪೆಡ್ಲೂ ಬಿಚ್ಚಿದೆ."

ಟೀ ಅಂಗಡಿಯವರೆಲ್ಲ ಗೊಳ್ಳೆಂದರು. ಆತನ ಸೈಕಲ್ಲಿಗೆ ಮುಂದಿನ ವಾರ ಹೊಸ ಬ್ರೇಕು ಬಂದಿತ್ತು. ಅದನ್ನು ಅವರು ನನಗೆ ತೋರಿಸಿದಾಗ ಅವರ ಮುಖದಲ್ಲಿದ್ದ ಸಂತೋಷವನ್ನು ಏನೆಂದು ಹೇಳಲಿ!

ಅವರ ಪಾಠಗಳು ಪುಸ್ತಕದ ಪಾಠಗಳ ಹಾಗಿರಲಿಲ್ಲ. ಒಂದೊಂದು ಪಾಠಕ್ಕೂ ಒಂದೊಂದು ಊರು ಅಂಟಿಕೊಂಡಿರುತ್ತಿತ್ತು. ನಾನು ಮುಂದಿನ ಚಕ್ರವನ್ನೇ ನೋಡುತ್ತಾ ಹೋಗುವುದನ್ನು ಕಂಡು, "ಎಮ್ಮೆದೊಡ್ಡಿ ಕಾವಲಲ್ಲಿ ಬರೀ ಕಲ್ಲು. ಮೊದಮೊದಲು ನಾನೂ ಕಲ್ಲೇ ನೋಡ್ಕಂಡು ಹೋಗ್ತಿದ್ದೆ, ಹುಡುಕ್ಕಂಡು ಹೋದಂಗೆ ಕಲ್ಲಿಗೇ ಹೋಗಿ ಗುದ್ದೋಳು. ಕಣ್ಣು ಹೋದ ಕಡೆ ಹ್ಯಾಂಡ್ಲು ಹೋಗ್ತದೆ ಕಣೇ. ಕಲ್ಲು ಐತೆ ಅಂತ ಗೊತ್ತಿದ್ರೆ ಸಾಕು, ನೀನು ದಾರಿ ನೋಡು" ಎಂದರು. ದನ ಮೇಯುವ ಅದೇ ಕಾವಲಿನಲ್ಲಿ ಅಮೃತಮಹಲ್ ದನಗಳ ಹಿಂಡು ಎದುರಾದರೆ ಏನು ಮಾಡಬೇಕು ಎಂಬುದಕ್ಕೂ ಅವರಲ್ಲಿ ಪಾಠವಿತ್ತು. ಬೆಲ್ ಹೊಡೆಯಬಾರದು. ಇಳಿದು, ಸೈಕಲ್ಲನ್ನು ಹಸುವಿಗೂ ನಮಗೂ ನಡುವೆ ಇಟ್ಟುಕೊಂಡು ಸುಮ್ಮನೆ ನಿಲ್ಲಬೇಕು. "ಅರ್ಧ ಗಂಟೆ ನಿಂತಿದ್ದೀನಿ. ಅದೂ ನೋಡ್ತು, ನಾನೂ ನೋಡ್ದೆ. ಕೊನೆಗೆ ಅದಕ್ಕೇ ಬೇಜಾರಾಗಿ ಹೋಯ್ತು."

ಹೊಸದಾಗಿ ಹೋದ ಊರುಗಳಲ್ಲಿ ಕೆಲವು ಮನೆಯವರು ಅವರ ಜಾತಿ ಕೇಳಿ ಹೊಸಿಲಿನ ಆಚೆಯೇ ನಿಲ್ಲಿಸಿದ್ದೂ ಉಂಟು. ಅದನ್ನೂ ಅವರು ನಗುತ್ತಲೇ ಹೇಳುತ್ತಿದ್ದರು: "ನಾನೇನು ಒಳಕ್ಕೆ ಬತ್ತೀನಿ ಅಂದ್ನಾ? ಜಗಲಿ ಮೇಲೆ ಕೂತೆ, ಮಗೂನ ಕೊಡಿ ಅಂದೆ. ಮೂರ್ನೇ ಸಲಕ್ಕೆ ಬೆಲ್ ಕೇಳಿ ಅವ್ರೇ ಬಾಗ್ಲಿಗೆ ಬಂದಿದ್ರು." ಹೇಳಿ ಮುಗಿಸಿದವರೇ ಎದ್ದು ಸೈಕಲ್ಲಿನ ಬೆಲ್ ಒರೆಸುತ್ತಿದ್ದರು.

ಎರಡನೆಯ ವಾರ ಪೆಡಲ್ ಹಾಕಿದರು. ಪೂರ್ತಿ ಸುತ್ತು ತುಳಿಯುವುದು ಬಂತು. ಸೀರೆಯ ನೆರಿಗೆಯನ್ನು ಮೊಣಕಾಲಿನ ನಡುವೆ ತಂದು ಪಿನ್ನು ಹಾಕುವುದು ಬಂತು. ಒಂದು ಕೈ ಬಿಟ್ಟು ಸನ್ನೆ ಮಾಡುವುದು ಬಂತು. ಆದರೆ ನಿಲ್ಲಿಸುವ ಹೊತ್ತಿಗೆ ನನ್ನ ಕೈ ಬ್ರೇಕಿಗೆ ಹೋಗುವ ಮೊದಲೇ ನನ್ನ ಮೈ ಎಡಕ್ಕೆ ಹಾರಿಬಿಡುತ್ತಿತ್ತು. ಎಷ್ಟು ಸಲ ಹೇಳಿದರೂ ಅಷ್ಟೇ. ಬೀಳುತ್ತಿರಲಿಲ್ಲವಲ್ಲ, ಹಾಗಾಗಿ ಅದೊಂದು ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತಲೂ ಇರಲಿಲ್ಲ.

ಚುಚ್ಚುಮದ್ದಿನ ದಿನಕ್ಕೆ ಇನ್ನು ಐದು ದಿನವಿದೆ ಎನ್ನುವಾಗ ಆಸ್ಪತ್ರೆಯಲ್ಲಿ ಮೀಟಿಂಗ್ ನಡೆಯಿತು. ಎಲ್ಲ ನರ್ಸುಗಳೂ ಕಾಂಪೌಂಡರೂ ಇದ್ದರು. ಡಾಕ್ಟರು ದೊಡ್ಡ ನರ್ಸಮ್ಮನ ಕಡೆ ತಿರುಗಿ, "ಏನಮ್ಮ, ನಿಮ್ಮ ಹುಡುಗಿ ಸೈಕಲ್ ಕಲಿತಳಾ?" ಎಂದರು.

ನಾನು ಆಗಲೇ ಮುಗುಳ್ನಗಲು ಶುರುಮಾಡಿದ್ದೆ.

"ಇಲ್ಲ ಸಾರ್," ಎಂದರು ಅವರು. "ಓಡಿಸ್ತಾಳೆ. ನಿಲ್ಲಿಸೋಕೆ ಬರಲ್ಲ."

ಯಾರೋ ಕಿಸಕ್ಕೆಂದರು. ಡಾಕ್ಟರು ಡೈರಿಯಲ್ಲಿ ಏನೋ ಗುರುತು ಹಾಕಿಕೊಂಡರು. ಮೀಟಿಂಗ್ ಮುಗಿದು ಹೊರಗೆ ಬಂದದ್ದೇ ತಡ, ಬೇವಿನ ಮರದ ಕೆಳಗೆ ಅವರನ್ನು ಅಡ್ಡ ಹಾಕಿದೆ.

"ಬತ್ತದೆ ಅಂತ ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನ್ ಹೋಗ್ತಿತ್ತು ಅಕ್ಕಾ? ನನ್ ಕೆಲ್ಸ ಹೋದ್ರೆ ನಿಮಗೇನು! ಊರಿಗೆ ಯಾವ ಮುಖ ಇಟ್ಕಂಡು ಹೋಗ್ಲಿ?"

ಅವರು ಕೋಪಿಸಿಕೊಳ್ಳಲಿಲ್ಲ. "ಹೇಳ್ಬೋದಿತ್ತು," ಎಂದರು. "ನಾಳೆ ಕೆರೆ ಏರಿ ಇಳಿಜಾರಲ್ಲಿ ಯಾವ್ದೋ ಕೂಸು ಅಡ್ಡ ಬತ್ತದೆ. ನೀನು ಎಡಕ್ಕೆ ಹಾರ್ಕಂತೀಯ. ಸೈಕಲ್ಲು ಹಾರ್ಕಳಲ್ಲ, ಸೀದಾ ಹೋಗ್ತದೆ. ಆಗ ನನ್ ಮಾತು ಬಂದು ಬ್ರೇಕ್ ಹಾಕ್ತದಾ?"

ನಾನು ಸರಸರನೆ ಹೊರಟುಬಿಟ್ಟೆ. ಮರುದಿನ ಹೋಗುವುದೇ ಬೇಡ ಎಂದುಕೊಂಡೆ. ಆದರೆ ಹೋಗದಿದ್ದರೆ ಊರಿಗೆ ಹೋಗಬೇಕು. ಆರು ಗಂಟೆಗೆ ಬಯಲಿಗೆ ಹೋದರೆ ಅವರು ಆಗಲೇ ಬಂದಿದ್ದರು. ಇಳಿಜಾರಿನ ಬುಡದಲ್ಲಿ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದು, ಗೆರೆಯ ಆಚೆ, ಎರಡೇ ಅಡಿ ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಮೇಲಿಂದ ಬಾ. ಗೆರೆ ಮೇಲೆ ನಿಲ್ಸು."

"ನೀವು ಪಕ್ಕಕ್ಕೆ ನಿಂತ್ಕಳಿ ಅಕ್ಕಾ."

"ನಾನು ಇಲ್ಲೇ ಇರೋದು."

ಬಂದೆ. ಬ್ರೇಕ್ ಹಿಡಿಯಬೇಕು, ಬ್ರೇಕ್ ಹಿಡಿಯಬೇಕು ಎಂದು ಹೇಳಿಕೊಳ್ಳುತ್ತಲೇ ಬಂದೆ. ಗೆರೆ ಕಂಡಿತು, ಬಿಳಿ ಸೀರೆ ಕಂಡಿತು. ನನ್ನ ಮೈ ಎಡಕ್ಕೆ ಹಾರಿತು. ಹ್ಯಾಂಡಲ್ ಕೈ ತಪ್ಪಿತು. ನಾನಿಲ್ಲದ ಸೈಕಲ್ಲು ಸೀದಾ ಹೋಗಿ ಅವರ ಬಲ ಮೊಣಕಾಲಿಗೆ ಬಡಿಯಿತು. ಅವರು ಕುಸಿದು ಕೂತರು.

ನಾನು ಅಳುತ್ತಾ ಓಡಿದೆ. ಸೀರೆಯ ಮೇಲೆ ಟೈರಿನ ಕಪ್ಪು ಗೆರೆ. ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಲ್ಲು ಕಚ್ಚಿದರು. ಆಮೇಲೆ ನನ್ನ ಭುಜ ಹಿಡಿದು ಎದ್ದು, ಕುಂಟುತ್ತಾ ಹೋಗಿ ಮತ್ತೆ ಅದೇ ಜಾಗದಲ್ಲಿ ನಿಂತರು.

"ಸೈಕಲ್ ನಿಂತ ಮೇಲೆ ನೀನು ಇಳಿ. ನೀನು ಇಳಿದೆ ಅಂತ ಸೈಕಲ್ ನಿಲ್ಲಲ್ಲ. ಹೋಗು, ಇನ್ನೊಂದ್ ಸಲ."

"ಬೇಡ ಅಕ್ಕಾ, ಕಾಲು ಮುರ್ದೋದ್ರೆ?"

"ಇನ್ನೊಂದ್ ಕಾಲೈತೆ. ಹೋಗೇ!"

ಮೇಲೆ ಹೋದೆ. ಈ ಸಲ ಇಳಿಯುವಾಗ ಗೆರೆ ಕಾಣಲಿಲ್ಲ, ಕೆಲಸ ಕಾಣಲಿಲ್ಲ, ಡಾಕ್ಟರ ಡೈರಿ ಕಾಣಲಿಲ್ಲ. ಅವರು ಭಾರ ಬಿಡದೆ ಎತ್ತಿಟ್ಟುಕೊಂಡಿದ್ದ ಆ ಬಲಗಾಲೊಂದೇ ಕಂಡಿತು. ಎರಡೂ ಕೈ ತಾವಾಗಿಯೇ ಬ್ರೇಕನ್ನು ಒತ್ತಿದವು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಸೀಟಿನ ಮೇಲೆ ಕೂತೇ ಇದ್ದೆ. ಚಕ್ರ ನಿಂತಿತು. ಎಡಗಾಲನ್ನು ನೆಲಕ್ಕೆ ಇಟ್ಟೆ. ಗೆರೆಗೆ ಇನ್ನೂ ಒಂದು ಗೇಣು ಇತ್ತು.

"ಹೂಂ," ಎಂದರು. "ಇನ್ನ ಮೂವತ್ತು ಸಲ."

ಮೂವತ್ತಲ್ಲ, ಆ ನಾಲ್ಕು ದಿನದಲ್ಲಿ ಎಷ್ಟು ಸಲ ನಿಲ್ಲಿಸಿದೆನೋ ನನಗೇ ಗೊತ್ತಿಲ್ಲ. ಅಷ್ಟೂ ದಿನ ಅವರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದರು. ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ, "ಬಚ್ಚಲಲ್ಲಿ ಜಾರ್ದೆ" ಎನ್ನುತ್ತಿದ್ದರು. ಡಾಕ್ಟರ ಮುಂದೆ ನನ್ನ ಪರವಾಗಿ ಒಂದು ಸುಳ್ಳು ಹೇಳದವರು ಇದಕ್ಕೆ ಮಾತ್ರ ಸಲೀಸಾಗಿ ಸುಳ್ಳು ಹೇಳಿದರು.

ಚುಚ್ಚುಮದ್ದಿನ ದಿನ ಬಂತು. ಹ್ಯಾಂಡಲ್ಲಿಗೆ ಮಂಜುಗಡ್ಡೆಯೂ ಲಸಿಕೆಯೂ ತುಂಬಿದ ಫ್ಲಾಸ್ಕು, ಕ್ಯಾರಿಯರಿನಲ್ಲಿ ಚೀಲ. ಫ್ಲಾಸ್ಕಿನ ಒಳಗಿರುವುದು ಗಾಜು. ಬಿದ್ದರೆ ಅವತ್ತಿನ ಕೆಲಸ ಅಲ್ಲಿಗೇ ಮುಗಿಯಿತು. ಒಂದು, ಎರಡು, ಮೂರು ಹಳ್ಳಿ ಮುಗಿಸಿದೆ. ನಾಲ್ಕರಲ್ಲಿ ಮಕ್ಕಳು ನನ್ನನ್ನು ಕಂಡು ಅಟ್ಟ ಹತ್ತಿ ಕೂತಿದ್ದವು, ಇಳಿಸಿ ಚುಚ್ಚುವಷ್ಟರಲ್ಲಿ ಮಧ್ಯಾಹ್ನ ದಾಟಿತು.

ಐದನೆಯ ಹಳ್ಳಿಗೆ ಕೆರೆ ಏರಿಯ ಮೇಲಿಂದ ಇಳಿಯಬೇಕು. ಇಳಿಜಾರಿನ ಕೊನೆಯಲ್ಲಿ ಶಾಲೆ, ಶಾಲೆಯ ಮುಂದೆ ಆಸ್ಪತ್ರೆಯ ಜೀಪು ನಿಂತಿತ್ತು. ಪಕ್ಕದಲ್ಲಿ ಡಾಕ್ಟರು, ಅವರ ಜೊತೆ ಜೀಪಿನಲ್ಲೇ ಬಂದಿದ್ದ ದೊಡ್ಡ ನರ್ಸಮ್ಮ. ನಾನು ಅರ್ಧ ಇಳಿದಿದ್ದೆ, ಅಷ್ಟರಲ್ಲಿ ಪಕ್ಕದ ಹೊಲದಿಂದ ಕುರಿ ಹಿಂಡೊಂದು ರಸ್ತೆಗೆ ನುಗ್ಗಿತು. ಹಿಂದೆ ಕುರಿಯವನು "ಹೋಯ್, ಹೋಯ್" ಎಂದು ಓಡಿಬಂದ.

ಕೂತೇ ಬ್ರೇಕ್ ಹಿಡಿದೆ. ಚಕ್ರ ನಿಂತಿತು. ಕಾಲು ಊರಿದೆ. ಕುರಿಗಳು ನನ್ನ ಮುಂದಿನ ಚಕ್ರವನ್ನು ಮೂಸಿಕೊಂಡು ದಾಟಿ ಹೋದವು. "ಎಲ್ಲಿಗವ್ವಾ ಇಂಗೆ ಹೊಂಟೆ?" ಎಂದ ಕುರಿಯವನು. "ನಿಮ್ಮೂರಿಗೇ, ಸೂಜಿ ಚುಚ್ಚೋಕೆ" ಎಂದೆ. "ನನಗಲ್ಲ ತಾನೇ?" ಎಂದು ಕುರಿಗಳಿಗಿಂತ ಮೊದಲು ಅವನೇ ಓಡಿದ.

ಅಷ್ಟೇ ಆದದ್ದು. ನೋಡಿದವರಿಗೆ ಅದರಲ್ಲಿ ಏನೂ ಇಲ್ಲ. ಒಬ್ಬಳು ಸೈಕಲ್ ನಿಲ್ಲಿಸಿದಳು, ಮತ್ತೆ ಹತ್ತಿ ಬಂದಳು.

ಶಾಲೆಯ ಮಕ್ಕಳಿಗೆಲ್ಲ ಚುಚ್ಚಿ ಮುಗಿಸಿ, ಫ್ಲಾಸ್ಕು ತೊಳೆದು, ಲೆಕ್ಕದ ಹಾಳೆಯನ್ನು ಡಾಕ್ಟರ ಕೈಗೆ ಕೊಟ್ಟೆ. ಅವರು ಅದನ್ನು ನೋಡಿ, ಡೈರಿ ತೆಗೆದು, ದೊಡ್ಡ ನರ್ಸಮ್ಮನ ಕಡೆ ತಿರುಗಿದರು.

"ಈಗ ಹೇಳಿ ಅಮ್ಮ. ನಾನು ಜಿಲ್ಲೆಗೆ ಏನೆಂದು ಬರೆಯಲಿ? ಕಲಿತಳಾ?"

ಇವರು ಈಗಲೂ ಏನಾದರೊಂದು ತಪ್ಪು ಹೇಳಿಯೇ ಹೇಳುತ್ತಾರೆ ಎಂದು ಗೊತ್ತಿತ್ತು. ಸೊಂಟ ಇನ್ನೂ ಎಡಕ್ಕಿದೆ ಎನ್ನಬಹುದು, ಮುಂದಿನ ಬ್ರೇಕನ್ನು ಜಾಸ್ತಿ ಒತ್ತಿದೆ ಎನ್ನಬಹುದು.

ಅವರು ಕುಂಟುತ್ತಾ ನನ್ನ ಸೈಕಲ್ಲಿನ ಹತ್ತಿರ ಬಂದರು. ಕ್ಯಾರಿಯರಿನಿಂದ ನನ್ನ ಚೀಲವನ್ನು ಬಿಚ್ಚಿ ಜೀಪಿನ ಡ್ರೈವರನ ಕೈಗೆ ಕೊಟ್ಟರು. ಸೀರೆಯನ್ನು ಒಟ್ಟು ಮಾಡಿ ಹಿಡಿದು, ಊದಿದ ಮೊಣಕಾಲನ್ನು ಮೆಲ್ಲಗೆ ಎತ್ತಿಕೊಂಡು ಕ್ಯಾರಿಯರಿನ ಮೇಲೆ ಒಂದು ಪಕ್ಕಕ್ಕೆ ಕೂತರು.

"ಅರೆ, ಜೀಪಿದೆಯಲ್ಲಮ್ಮ!" ಎಂದರು ಡಾಕ್ಟರು.

"ನೀವು ನಡೀರಿ ಸಾರ್. ನಾನು ಇವಳ ಜೊತೆ ಬತ್ತೀನಿ."

ಡಾಕ್ಟರು ಒಂದು ಗಳಿಗೆ ನೋಡಿದರು, ಆಮೇಲೆ ಡೈರಿಯಲ್ಲಿ ಬರೆದರು. ಏನು ಬರೆದರೆಂದು ನಾನು ಕೇಳಲಿಲ್ಲ. ಈ ಹೊತ್ತಿಗೂ ಅದೇ ಕೆಲಸದಲ್ಲಿದ್ದೇನೆ.

ಅಜ್ಜಂಪುರಕ್ಕೆ ನಾಲ್ಕು ಮೈಲಿ. ಏರಿ ಹತ್ತಿದೆ, ಇಳಿದೆ, ಎದುರಿಗೆ ಬಂದ ಎತ್ತಿನ ಗಾಡಿಗೆ ದಾರಿ ಬಿಟ್ಟೆ, ರೈಲ್ವೆ ಗೇಟಿನಲ್ಲಿ ನಿಲ್ಲಿಸಿ ಕಾಲು ಊರಿ ಮತ್ತೆ ಹೊರಟೆ. ಒಂದು ತಿಂಗಳು ನನ್ನ ಒಂದೊಂದು ಉಸಿರಿಗೂ ಒಂದೊಂದು ತಪ್ಪು ಹುಡುಕಿದವರು ನಾಲ್ಕು ಮೈಲಿಯೂ ನನ್ನ ಬೆನ್ನ ಹಿಂದೆ ಒಂದೇ ಒಂದು ಮಾತಾಡಲಿಲ್ಲ. ನಿದ್ದೆ ಮಾಡಿದರೋ ಏನೋ ಎಂದು ಊರ ಮುಂದೆ ತಿರುಗಿ ನೋಡಿದೆ. ಕಣ್ಣು ಬಿಟ್ಟುಕೊಂಡೇ ಇದ್ದರು, ಹೊಲ ನೋಡುತ್ತಿದ್ದರು.

ನಿಮಗೂ ಇಂಥವರೊಬ್ಬರು ಸಿಕ್ಕಿರಬೇಕು. ಬರುತ್ತದೆ ಎಂದುಕೊಂಡಿದ್ದ ಕೆಲಸವನ್ನೇ ಬಿಚ್ಚಿ, ಮೊದಲಿನಿಂದ ತಿದ್ದಿ ಕೊಟ್ಟವರು. ಸೈಕಲ್ಲೇ ಆಗಬೇಕೆಂದಿಲ್ಲ, ಹೊಲಿಗೆ, ಈಜು, ಅಕ್ಷರ, ಏನಾದರೂ ಸರಿ. ಅವರು ನಿಮ್ಮ ಯಾವ ತಪ್ಪನ್ನು ಹಿಡಿದರು, ಹೇಗೆ ಬಿಡಿಸಿದರು? ಒಂದು ಕಾರ್ಡಿನಲ್ಲಾದರೂ ಈ ಪತ್ರಿಕೆಗೆ ಬರೆದು ಕಳಿಸಿ. ಬಂದದ್ದನ್ನೆಲ್ಲ ಒಯ್ದು ದೊಡ್ಡ ನರ್ಸಮ್ಮನಿಗೆ ಓದಿ ಹೇಳುವ ಕೆಲಸ ನನ್ನದು.